ವಾರ್ಸಾದ ಅಣಬೆ ಬುಟ್ಟಿ

ಸೆಪ್ಟೆಂಬರಿನ ಬೆಳಿಗ್ಗೆ ವಾರ್ಸಾದ ಹಾಲಾ ಮಿರೋವ್ಸ್ಕಾ ಮಾರುಕಟ್ಟೆಗೆ ಹೊಕ್ಕಾಗ ಮೊದಲು ತಾಗಿದ್ದು ವಾಸನೆ. ಮಳೆಯಲ್ಲಿ ನೆನೆದ ಕಾಡಿನ ಮಣ್ಣಿನದು. ಬುಟ್ಟಿ ಬುಟ್ಟಿ ಅಣಬೆ! ಮಾರುವ ಅಜ್ಜಿ ದಪ್ಪ ಕಾಲಿನ ಬೊರೊವಿಕ್ ಒಂದನ್ನು ಬೋರಲು ಹಿಡಿದು, ಟೊಪ್ಪಿಗೆಯಡಿಯ ಸ್ಪಂಜಿನಂಥ ಭಾಗವನ್ನು ನೋಡಿ, ಒಮ್ಮೆ ಮೂಸಿ ನನ್ನ ಕೈಗಿತ್ತರು. ಪರೀಕ್ಷೆ ಮುಗಿಯಿತು. ಮೈ ಜುಮ್ಮೆಂದಿತು. ಇಂಥ ನೋಟಕ್ಕೆ ಗಣಿತ ಹುಡುಕಿದವರ ಊರು ನೋಡಲೆಂದೇ ನಾನು ಬಂದಿದ್ದೆ.

1982ರಲ್ಲಿ ಇದೇ ಊರಿನ ಜ್ದಿಸ್ವಾವ್ ಪಾವ್ಲಾಕ್ ಆ ಗಣಿತವನ್ನು ರಫ್ ಸೆಟ್ ಸಿದ್ಧಾಂತವಾಗಿ ಮಂಡಿಸಿದರು. ನಮಗೆ ಗೊತ್ತಿರುವ ಲಕ್ಷಣಗಳಲ್ಲಿ ವ್ಯತ್ಯಾಸ ಕಾಣದ ವಸ್ತುಗಳೆಲ್ಲ ಒಂದೇ ಗುಂಪು. ಒಂದು ಗುಂಪಿನಲ್ಲಿ ತಿನ್ನುವ ಅಣಬೆಯೂ ವಿಷದ ಅಣಬೆಯೂ ಬೆರೆತರೆ ಸಂದೇಹ ಉಳಿಯಿತು. ಸಂದೇಹ ಹೆಚ್ಚದಂತೆ ಲಕ್ಷಣಗಳನ್ನು ಒಂದೊಂದಾಗಿ ಕೈಬಿಡುತ್ತ ಹೋಗಿ, ಇನ್ನು ಯಾವುದನ್ನೂ ಬಿಡಲಾಗದು ಎನ್ನುವಾಗ ಉಳಿಯುವುದೇ ರಿಡಕ್ಟ್. ಎಲ್ಲಕ್ಕಿಂತ ಚಿಕ್ಕ ರಿಡಕ್ಟ್ ಹುಡುಕುವುದು ಮಾತ್ರ ಮಹಾ ಕಷ್ಟ. 1992ರಲ್ಲಿ ಸಂಶೋಧಕರಾದ ಸ್ಕೋವ್ರೋನ್ ಮತ್ತು ರೌಷರ್ ಈ ಕಷ್ಟವನ್ನು ತೋರಿಸಿಕೊಟ್ಟರು.

ಸಂಜೆ ಕೋಣೆಯಲ್ಲಿ ಕೂತು ಪ್ರಸಿದ್ಧ ಅಣಬೆ ದತ್ತಾಂಶ ತೆರೆದೆ. 8124 ಅಣಬೆ, 22 ಲಕ್ಷಣ. ಯಾವ ಲಕ್ಷಣ ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂಬ ಆಯ್ಕೆಗಳೇ 41,94,304. ತಿನ್ನುವ ಒಂದೊಂದನ್ನೂ ವಿಷದ ಒಂದೊಂದರ ಜತೆ ಹೋಲಿಸಲು ಹೊರಟರೆ 1,64,78,528 ಜೋಡಿ! ಹೋಲಿಕೆಯ ಗೋಜಿಗೆ ಹೋಗದೆ ಬರೀ ವಾಸನೆಯ ಪ್ರಕಾರ ವಿಂಗಡಿಸಿದೆ. ಬಾದಾಮಿ, ಸೋಂಪಿನ ವಾಸನೆಯವೆಲ್ಲ ತಿನ್ನುವಂಥವು. ದುರ್ವಾಸನೆ, ಮೀನಿನ ವಾಸನೆ, ಖಾರದ ಘಾಟು ಇದ್ದವೆಲ್ಲ ವಿಷ. 4596 ಅಣಬೆಗಳ ತೀರ್ಮಾನ ಒಂದೇ ಏಟಿಗೆ ಆಗಿಹೋಯಿತು. ಅಜ್ಜಿಯ ಮೂಗು ನೆನಪಾಯಿತು.

ತೀರ್ಮಾನವಾದವನ್ನು ಮತ್ತೆ ಮುಟ್ಟುವುದೇಕೆ? ಅವನ್ನು ಬದಿಗಿಟ್ಟು, ಉಳಿದವುಗಳ ಮೇಲೆ ಮಾತ್ರ ಮುಂದಿನ ಲಕ್ಷಣ ಹುಡುಕಿದರೆ ಸಾಕು. ದೊಡ್ಡ ದತ್ತಾಂಶದಲ್ಲಿ ವೇಗ ಬರುವುದೇ ಇಲ್ಲಿ. 2010ರಲ್ಲಿ ಚೀನಾದ ಶಾನ್‌ಶಿ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಕ್ರಮಬದ್ಧ ವಿಧಾನವಾಗಿಸಿದರು. ನನ್ನ ಮುಂದೆ ಉಳಿದಿದ್ದವು ವಾಸನೆಯಿಲ್ಲದ 3528. ಅವುಗಳಲ್ಲಿ ವಿಷದ್ದು 120 ಮಾತ್ರ. ಬೀಜಕಗಳ ಬಣ್ಣ ನೋಡಿದೆ: ಹಸಿರಿನವು 72, ಎಲ್ಲವೂ ವಿಷ! ಇನ್ನುಳಿದ ವಿಷದವು 48. ಈ ದತ್ತಾಂಶದ ಅತಿ ಚಿಕ್ಕ ರಿಡಕ್ಟಿನಲ್ಲಿರುವುದು ನಾಲ್ಕೇ ಲಕ್ಷಣ. ಇಪ್ಪತ್ತೆರಡರಲ್ಲಿ ನಾಲ್ಕು! ಕಿಟಕಿಯಾಚೆ ಟ್ರಾಮ್‌ಗಳ ಸದ್ದು ನಿಂತರೂ ನನಗೆ ನಿದ್ದೆ ಬರಲಿಲ್ಲ.

ಆದರೆ ಆ ದತ್ತಾಂಶದಲ್ಲಿರುವುದು ಉತ್ತರ ಅಮೆರಿಕದ 23 ಜಾತಿ ಮಾತ್ರ. ಕಾಡಿನ ಅಣಬೆ ಸಿಕ್ಕರೆ ಬಲ್ಲವರಿಗೆ ತೋರಿಸದೆ ಅಡುಗೆಮನೆಗೆ ಒಯ್ಯಬೇಡಿ.