ಬೀಗರ ಬಾಟ್ಲಿ

ಅಬ್ಬಿಗೇರಿಯ ಕಡೆ ಎರೆಹೊಲ ಬಿಸಿಲಿಗೆ ಬಾಯಿ ಬಿಡುವ ಹೊತ್ತಿಗೇ ಬೀಗರೂ ಬರುತ್ತಾರೆ. ಮದುವಿ, ಜಾತ್ರಿ ಎಲ್ಲ ಆಗಲೇ ಅಲ್ಲವೇ? ಅವರು ಚಪ್ಪಲಿ ಬಿಡುವುದರೊಳಗೆ ಮನೆಯ ಹುಡುಗ ನೋಟು ಹಿಡಿದು ಅಂಗಡಿಗೆ ಓಡಿರುತ್ತಾನೆ. ಕೋಲಾ ಬಾಟ್ಲಿ ಬರುತ್ತದೆ, ಸ್ಟೀಲಿನ ಲೋಟದಲ್ಲಿ ನೊರೆ ಏಳುತ್ತದೆ.

“ಇದೆಲ್ಲಾ ಯಾಕ ತರಿಸಿದ್ರಿ?”

“ಇರ್ಲಿ ತಗೋರಿ, ಬಿಸಲಾಗ ಬಂದೀರಿ.”

ಬೀಗರು ಮರ್ಯಾದೆಗೆ ಅರ್ಧ ಕುಡಿದು ಲೋಟ ಕೆಳಗಿಡುತ್ತಾರೆ. ರೊಕ್ಕ ಕೊಟ್ಟು ತಂದದ್ದನ್ನು ಚೆಲ್ಲುವುದುಂಟೇ? ಉಳಿದದ್ದು ತೊಡೆಯ ಮೇಲಿನ ಕೂಸಿನ ಬಾಯಿಗೆ. ಗ್ಯಾಸು ಮೂಗಿಗೇರಿ ಅದು ಮುಖ ಹಿಂಡುತ್ತದೆ, ಸೀನುತ್ತದೆ, ಮತ್ತೆ ಲೋಟಕ್ಕೇ ಕೈ ಚಾಚುತ್ತದೆ. ಎಲ್ಲರೂ ನಗುತ್ತಾರೆ.

200 ಮಿಲಿ ಕೋಲಾದಲ್ಲಿ ಸುಮಾರು 20 ಗ್ರಾಂ ಸಕ್ಕರೆ, ಅಂದರೆ ನಾಲ್ಕೈದು ಚಮಚ. ಒಂದು ಕಪ್ ಚಹಾಕ್ಕೆ ಅಷ್ಟು ಸುರಿದು ಕೊಟ್ಟಿದ್ದರೆ ಬೀಗರು ಸಂಬಂಧದ ಬಗ್ಗೆಯೇ ಇನ್ನೊಮ್ಮೆ ಯೋಚಿಸುತ್ತಿದ್ದರು! ತಂಪು, ಹುಳಿ ಎರಡೂ ಸೇರಿ ಆ ಸಿಹಿಯನ್ನು ಮುಚ್ಚಿಡುತ್ತವೆ. ಎರಡು ವರ್ಷದೊಳಗಿನ ಮಕ್ಕಳಿಗೆ ಹಣ್ಣಿನ ರಸವೂ ಬೇಡ, ಐದು ವರ್ಷದವರೆಗೆ ಚಹಾ-ಕಾಫಿಯೂ ಬೇಡ ಎಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2019ರಲ್ಲೇ ಹೇಳಿದೆ. ಚಾದಾಗ ಬಿಸ್ಕೀಟು ಅದ್ದಿ ಮೊಮ್ಮಕ್ಕಳಿಗೆ ತಿನ್ನಿಸುವ ನಮ್ಮ ಅಜ್ಜಿಯರು ಇದನ್ನು ಕೇಳಿದರೆ, “ಹಂಗಾರ ನೀವೆಲ್ಲಾ ಹೆಂಗ ದೊಡ್ಡವರಾದ್ರಿ?” ಎನ್ನುತ್ತಾರೆ. ವಾದದಲ್ಲಿ ಅವರನ್ನು ಗೆದ್ದವರಿಲ್ಲ.

ಹಿಂದೆ ಬಂದವರಿಗೆ ಬೆಲ್ಲ, ತಂಬಿಗೆ ನೀರು ಕೊಡುತ್ತಿದ್ದರು. ಬೆಲ್ಲವೇನೂ ಔಷಧವಲ್ಲ, ಅದೂ ಸಕ್ಕರೆಯ ಅಣ್ಣನೇ. ಆದರೆ ಎಷ್ಟು ತಿಂದೆವೆಂಬುದು ಅಂಗೈಯಲ್ಲೇ ಕಾಣುತ್ತಿತ್ತು. ಬಾಯಿಗೆ ಬೆಲ್ಲ, ನೀರಡಿಕೆಗೆ ನೀರು. ನೀರಡಿಕೆಗೇ ಸಿಹಿ ಬೇಕೆಂದು ಕೂಸಿಗೆ ಕಲಿಸಿದ್ದು ಈ ಬಾಟ್ಲಿ.

ಹುಡುಗರಿಗೆ ಬೇಡವೆನ್ನಲು ಗದರಿಕೆ ಸಾಕು. ಬೀಗರಿಗೆ ಬೇಡವೆನ್ನಲು ಎದೆಗಾರಿಕೆ ಬೇಕು. ಮನೆಯಲ್ಲಿ ಎಮ್ಮೆ ಕಟ್ಟಿದವರೂ “ಬರೇ ಮಜ್ಜಿಗಿ ಕೊಟ್ರ ಏನ್ ಅಂದಾರು?” ಎಂದು ಹಿಂಜರಿಯುತ್ತಾರೆ. ಹಸಿಶುಂಠಿ, ಕೊತ್ತಂಬರಿ ಜಜ್ಜಿ, ಚಿಟಿಕೆ ಉಪ್ಪು ಹಾಕಿ ಕಡೆದ ಮಜ್ಜಿಗೆಗೆ ಬಾಟ್ಲಿಯ ಮುಂದೆ ಮಾನವಿಲ್ಲದಂತಾಗಿದೆ. ಹಾಗಾಗಿ ಉಪದೇಶವನ್ನು ಅಂಗನವಾಡಿಯಿಂದಲ್ಲ, ಊರಿನ ದೊಡ್ಡ ಮನೆಗಳ ಪಡಸಾಲೆಯಿಂದ ಶುರುಮಾಡಬೇಕು. ಅಂಗಳದಲ್ಲಿ ಎರಡು ಟ್ರ್ಯಾಕ್ಟರ್ ನಿಲ್ಲಿಸಿದವರು ಬೀಗರಿಗೆ ಮಜ್ಜಿಗೆ ಕೊಟ್ಟರೆ ಅದನ್ನು ಬಡತನವೆನ್ನುವ ಧೈರ್ಯ ಯಾರಿಗಿದೆ?