ಸೀಮೆಸುಣ್ಣದ ಎರಡು ಪಾದಗಳು

ಜನ್ನನ ‘ಯಶೋಧರ ಚರಿತೆ’ಯನ್ನು ಇಪ್ಪತ್ತೈದು ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದೇನೆ. 1209ರ ಆ ಕಾವ್ಯದ ಒಂದು ಪ್ರಸಂಗ ನಮ್ಮ ವಿಭಾಗದ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದು. ನಸುಕಿನಲ್ಲಿ ತೇಲಿಬಂದ ಹಾಡಿಗೆ ಅಮೃತಮತಿ ಮನಸೋಲುತ್ತಾಳೆ. ಹಾಡಿದವನು ಯಾರೆಂದು ನೋಡಿಬರಲು ಸಖಿಯನ್ನು ಕಳುಹಿಸುತ್ತಾಳೆ. ಸಖಿ ಮರಳಿ ಬಂದು ಮಾವುತ ಅಷ್ಟಾವಂಕನ ಮೈಯನ್ನು ಅಂಗಾಂಗವಾಗಿ ಹೀಗಳೆಯುತ್ತಾಳೆ. ಆ ಪದ್ಯಗಳು ಬಂದಾಗ ನಾನು ಮೇಜಿನ ಹಿಂದಕ್ಕೆ ಸರಿದು ನಿಲ್ಲುತ್ತಿದ್ದೆ. ಅರ್ಥ ಹೇಳಿ, ಸಮಾಸ ಬಿಡಿಸಿ, ಲಗುಬಗೆಯಿಂದ ಮುಂದಿನ ಭಾಗಕ್ಕೆ ಹೋಗಿಬಿಡುತ್ತಿದ್ದೆ. ಯಾವ ವಿದ್ಯಾರ್ಥಿಯೂ ಏನನ್ನೂ ಅಂದವನಲ್ಲ. ಆದರೂ ತರಗತಿಯ ಕಣ್ಣುಗಳೆಲ್ಲ ನನ್ನ ಎಡಗಾಲಿನ ಮೇಲೆಯೇ ಇವೆಯೆಂದು ನನಗೆ ಭಾಸವಾಗುತ್ತಿತ್ತು.

ಮೂರನೆಯ ವಯಸ್ಸಿನಲ್ಲಿ ಜ್ವರ ಬಂದು ಆ ಕಾಲು ಬಿದ್ದುಹೋಯಿತಂತೆ. ಪೋಲಿಯೊ ಎಂಬ ಹೆಸರು ಮನೆಯವರಿಗೆ ಆಮೇಲೆ ತಿಳಿಯಿತು. ಅಕ್ಕಲಕೋಟೆ ಸೀಮೆಯ ನಮ್ಮ ಹಳ್ಳಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆ, ಅನಂತರ ಮರಾಠಿ ಶಾಲೆ. ಕನ್ನಡ ಶಾಲೆಯಲ್ಲಿ ನನ್ನ ಹೆಸರು ಕುಂಟ, ಮರಾಠಿ ಶಾಲೆಯಲ್ಲಿ ಲಂಗಡ್ಯಾ. ಎರಡು ಭಾಷೆ ಕಲಿತವನಿಗೆ ಎರಡು ಅಡ್ಡಹೆಸರು ದೊರೆತದ್ದು ನ್ಯಾಯವೇ ಇರಬೇಕು.

ಮಹಾರಾಷ್ಟ್ರದ ಶಾಲೆಗಳಲ್ಲಿ ಓದಿದವರಿಗೆ ಎಲಿಮೆಂಟರಿ, ಇಂಟರ್‌ಮೀಡಿಯಟ್ ಎಂಬ ಚಿತ್ರಕಲಾ ಪರೀಕ್ಷೆಗಳು ನೆನಪಿರುತ್ತವೆ. ಅದರಲ್ಲಿ ‘ಸ್ಮರಣಚಿತ್ರ’ವೆಂಬುದೊಂದು ವಿಷಯ. ಸಂತೆ, ಜಾತ್ರೆ, ಬಸ್ ನಿಲ್ದಾಣ ಇಂಥವುಗಳನ್ನು ನೆನಪಿನಿಂದ ಬಿಡಿಸಬೇಕು. ನಾನು ಸಂತೆಯ ತುಂಬ ಜನರನ್ನು ಬಿಡಿಸುತ್ತಿದ್ದೆ. ಎಲ್ಲರಿಗೂ ಎರಡು ಸರಿಸಮನಾದ ಕಾಲುಗಳು. ನನ್ನಂಥವನೊಬ್ಬನನ್ನು ಒಂದು ಕಾಗದದ ಮೇಲೂ ಬಿಡಿಸಲಿಲ್ಲ. ಅದು ಸ್ಮರಣಚಿತ್ರವೋ ಮರೆವಿನ ಚಿತ್ರವೋ ಎಂದು ಈಗ ಅನ್ನಿಸುತ್ತದೆ.

ಮೂರು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಸೊಲ್ಲಾಪುರದಲ್ಲಿ ಚಿತ್ರಕಲೆ ಕಲಿಸುತ್ತಾನೆ. ಮಾನವಾಕೃತಿಯನ್ನು ಕಣ್ಣೆದುರು ನಿಲ್ಲಿಸಿಕೊಂಡು ಬಿಡಿಸುವ ತರಗತಿಗೆ ಮಾದರಿ ಬೇಕಾಗಿತ್ತು. “ಸರ್, ಎಲ್ಲಾರೂ ಹರೇದ ಹುಡುಗರನ್ನ ತರತಾರ್ರಿ. ನಮಗ ವಯಸ್ಸಾದ ಮೈ ಬೇಕಾಗೇದ್ರಿ” ಎಂದ. ಮುಖವನ್ನಷ್ಟೇ ಬಿಡಿಸುತ್ತಾರೆಂದುಕೊಂಡು ಒಪ್ಪಿದೆ. ಅಲ್ಲಿಗೆ ಹೋದಮೇಲೆ ಬೇರೆ ಮಾತು ಬಂತು: “ಧೋತರ ಒಂಚೂರು ಮೊಣಕಾಲಿನ ಮ್ಯಾಲ ಕಟ್ಟಿದ್ರ ನಡೀತದೇನ್ರಿ ಸರ್? ಬ್ಯಾಡಂದ್ರ ಬ್ಯಾಡ್ರಿ.”

ರವಿ ಜಾಧವರ ‘ನ್ಯೂಡ್’ ಎಂಬ ಮರಾಠಿ ಚಲನಚಿತ್ರವನ್ನು ನಾನು ನೋಡಿದ್ದೆ. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ವಿವಸ್ತ್ರಳಾಗಿ ಕುಳಿತು ಮಗನನ್ನು ಓದಿಸುವ ತಾಯಿಯ ಕಥೆ. ತನ್ನ ದುಡಿಮೆ ಯಾವುದೆಂದು ಮಗನಿಗೆ ಹೇಳಲಾರಳು. 1857ರಲ್ಲಿ ಆರಂಭವಾದ ಆ ಶಾಲೆಯಲ್ಲಿಯೇ ಉಡುಪಿ ಸೀಮೆಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಕಲಿತದ್ದು, ಆಮೇಲೆ ಕಲಿಸಿದ್ದು. ಕಲಾವಿದರ ಹೆಸರು ಹೀಗೆ ಉಳಿಯುತ್ತದೆ. ಎದುರು ಕುಳಿತವರ ಹೆಸರು ಉಳಿಯುವುದಿಲ್ಲ. ನನ್ನಿಂದ ಕೇಳಿದ್ದು ಮೊಣಕಾಲಿನಷ್ಟು ಮಾತ್ರ. ಅದಕ್ಕೇ ನನ್ನ ಕೈ ನಡುಗುತ್ತಿತ್ತು. ಹೆಂಡತಿ, ಮಕ್ಕಳು, ವೈದ್ಯರ ಹೊರತು ಆ ಕಾಲನ್ನು ಹಗಲಿನ ಬೆಳಕಿನಲ್ಲಿ ಯಾರೂ ಕಂಡಿರಲಿಲ್ಲ. ಮೇಲೆ ಕಟ್ಟಿದೆ.

ಮೊದಲು ಎರಡೆರಡು ನಿಮಿಷಗಳ ನಿಲುವುಗಳು, ಆಮೇಲೆ ಹತ್ತು ನಿಮಿಷಗಳದೊಂದು. ನಡುವೆ ವಿಶ್ರಾಂತಿಗೆ ಇಳಿಯುವ ಮುನ್ನ ನನ್ನ ಶಿಷ್ಯ ಬಾಗಿ ಕುಳಿತು, ಮರಳಿ ಅದೇ ಜಾಗದಲ್ಲಿ ನಿಲ್ಲಲೆಂದು ನನ್ನ ಪಾದಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದ. ಇಳಿದು ನೋಡಿದೆ. ಕಟ್ಟೆಯ ಮೇಲೆ ಎರಡು ಬಿಳಿಯ ಪಾದಗಳಿದ್ದವು: ಬಲದ್ದು ಗಂಡಸಿನದು, ಎಡದ್ದು ಹತ್ತು ಹನ್ನೊಂದು ವರ್ಷದ ಬಾಲಕನದು. ಒಬ್ಬ ತಂದೆ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಂತೆ ಕಾಣುತ್ತಿತ್ತು. ಚಪ್ಪಲಿ ಕೊಳ್ಳುವಾಗಲೆಲ್ಲ ಅಳತೆ ಬೇರೆಯೆಂದು ನಾಚಿಕೊಂಡ ಪಾದವನ್ನು ಆವರೆಗೆ ಹಾಗೆ ನೋಡಿರಲಿಲ್ಲ.

ತರಗತಿ ಮುಗಿದಾಗ ಚಿತ್ರಗಳನ್ನು ಗೋಡೆಗೆ ಸಾಲಾಗಿ ಒರಗಿಸಿದರು. ಮೂರ್ನಾಲ್ಕು ಮಂದಿ ನನ್ನ ಮೇಲಿನ ಮರ್ಯಾದೆಯಿಂದ ಎಡಗಾಲನ್ನು ಬಲಗಾಲಿನಷ್ಟೇ ದಪ್ಪವಾಗಿ, ಉದ್ದವಾಗಿ ಬಿಡಿಸಿದ್ದರು. ಶಿಷ್ಯನಿಗೆ ಸಿಟ್ಟು ಬಂತು. ಗವಂಡಿಗಳು ಗೋಡೆಗೆ ಹಿಡಿಯುವ ತೂಗುಗುಂಡನ್ನು, ಮರಾಠಿಯಲ್ಲಿ ಓಳಂಬಾ ಎನ್ನುತ್ತೇವಲ್ಲ ಅದನ್ನು, ಚಿತ್ರದ ಮುಂದೆ ಇಳಿಬಿಟ್ಟ. ಕೊರಳ ಕುಳಿಯಿಂದ ದಾರ ನೇರ ಕೆಳಗಿಳಿಯಿತು. ಭಾರ ಹೊತ್ತ ಪಾದದ ಮೇಲೆ ಬೀಳಬೇಕಾಗಿದ್ದ ಗುಂಡು ಎರಡೂ ಪಾದಗಳ ಆಚೆ ಬಿದ್ದಿತ್ತು. ಹುಡುಗರು ವಾಲಿದ ನಡುವನ್ನು, ಬಾಗಿದ ಬೆನ್ನನ್ನು, ಏರಿಳಿದ ಹೆಗಲುಗಳನ್ನು ಕಂಡಂತೆಯೇ ಬಿಡಿಸಿ, ಕಾಲನ್ನು ಮಾತ್ರ ತಿದ್ದಿದ್ದರು. ಹೀಗಾಗಿ ಚಿತ್ರದೊಳಗಿನ ಮನುಷ್ಯ ಬೀಳುತ್ತಿದ್ದ. ಕಾಲನ್ನು ಕಂಡಂತೆ ಬಿಡಿಸಿದವರ ಚಿತ್ರಗಳಲ್ಲಿ ಅವನು ಗಟ್ಟಿಯಾಗಿ ನಿಂತಿದ್ದ.

ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತೆ. ನನ್ನ ಮೈಯಲ್ಲಿ ಕೆಟ್ಟದ್ದು ಒಂದೇ ಅಂಗವೆಂದು ತಿಳಿದಿದ್ದೆ. ಐವತ್ತು ವರ್ಷ ಬೆನ್ನು ಬಾಗಿದ್ದು, ಹೆಗಲು ಏರಿದ್ದು, ಎಡಗೈ ಹೆಜ್ಜೆಹೆಜ್ಜೆಗೂ ತೊಡೆಯನ್ನು ಒತ್ತಿ ಹಿಡಿದದ್ದು ಆ ಕಾಲಿಗಾಗಿಯೇ ಎಂಬುದು ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ. ಕೈ ತೊಡೆಯ ಮೇಲೆ ಹೋಗುವುದು ಕಾಣಬಾರದೆಂದು ಜೇಬಿನೊಳಗಿಟ್ಟು ನಡೆಯುವ ಕಪಟವನ್ನೂ ರೂಢಿಸಿಕೊಂಡಿದ್ದೆ. ಉಳಿದ ಮೈಯೆಲ್ಲ ಅದನ್ನು ಜೋಪಾನ ಮಾಡುತ್ತಿರುವಾಗ ಅದರ ಮೋರೆ ನೋಡದೆ ಬದುಕಿದವನು ನಾನೊಬ್ಬನೇ.

ಚಿತ್ರ ಬಿಡಿಸಿದರೆ ನೋವು ವಾಸಿಯಾಗುತ್ತದೆಂದು ನಾನು ಹೇಳಲಾರೆ. ಮೆಕ್ಸಿಕೊದ ಚಿತ್ರಕಾರ್ತಿ ಫ್ರೀಡಾ ಕಾಹ್ಲೊ ಆರನೆಯ ವಯಸ್ಸಿನಲ್ಲಿ ಪೋಲಿಯೊಗೆ ತುತ್ತಾದವಳು. ಸಣಕಲಾದ ಬಲಗಾಲನ್ನು ಉದ್ದ ಲಂಗಗಳಲ್ಲಿ ಮರೆಸಿದಳು, ತನ್ನ ಮೈಯನ್ನು ಮತ್ತೆ ಮತ್ತೆ ಚಿತ್ರಿಸಿದಳು. ಆದರೂ 1953ರಲ್ಲಿ ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ನನಗಾದದ್ದು ಇಷ್ಟೇ: ಎರಡು ವರ್ಷದಿಂದ ಕಾಡುತ್ತಿದ್ದ ಬಲಮೊಣಕಾಲಿನ ನೋವನ್ನೂ ಸಂಜೆಯ ವಿಪರೀತ ದಣಿವನ್ನೂ ವೈದ್ಯರಿಗೆ ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಪೋಲಿಯೊ ಬಂದುಹೋದ ದಶಕಗಳ ಅನಂತರ ಸ್ನಾಯುಗಳು ಹೀಗೆ ಹೊಸದಾಗಿ ಸೋಲುವುದುಂಟೆಂದು ಅವರು ತಿಳಿಸಿದರು. ಕಾಲಿಗೆ ಕ್ಯಾಲಿಪರ್ ಬಂತು. ಹುಡುಗನಾಗಿದ್ದಾಗ ಅತ್ತು ಕರೆದು ಕಿತ್ತೆಸೆದಿದ್ದು ಅದನ್ನೇ. ಮೆಟ್ಟಿಲುಗಳಿರುವ ಕೋಣೆಯ ತರಗತಿಗಳನ್ನು ಕೆಳಗೆ ಹಾಕಿಸಿಕೊಂಡೆ. ಅದಕ್ಕಾಗಿ ಒಂದು ಅರ್ಜಿ ಬರೆಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ರಾತ್ರಿ ಆ ಕಾಲಿಗೆ ಕುಸುಬೆ ಎಣ್ಣೆ ತಿಕ್ಕುತ್ತೇನೆ. ಅವ್ವ ಇರುವವರೆಗೆ ತಿಕ್ಕುತ್ತಿದ್ದಳು. ಅವಳ ಅನಂತರ ಅದನ್ನು ಮುಟ್ಟಿದ್ದೇ ಕಡಿಮೆ. ಪೋಲಿಯೊ ಸ್ನಾಯುಗಳನ್ನು ನಡೆಸುವ ನರಕೋಶಗಳನ್ನು ಕೊಲ್ಲುತ್ತದೆ, ಸ್ಪರ್ಶವನ್ನು ಕಸಿಯುವುದಿಲ್ಲ. ಎಣ್ಣೆಯ ಬಿಸಿ ಎರಡೂ ಕಾಲುಗಳಿಗೆ ಒಂದೇ ಬಗೆಯಲ್ಲಿ ತಿಳಿಯುತ್ತದೆ. ಕೆಲವೊಮ್ಮೆ ಕನ್ನಡಿಯ ಮುಂದೆ ಕುಳಿತು ಪೆನ್ಸಿಲಿನಿಂದ ಅದನ್ನೇ ಬಿಡಿಸುತ್ತೇನೆ. ಚಿತ್ರಗಳು ಚೆನ್ನಾಗಿರುವುದಿಲ್ಲ. ಆದರೆ ಕಣಕಾಲಿನ ಎಲುಬು ಎಲ್ಲಿ ತಿರುಗುತ್ತದೆ, ಮೀನಖಂಡ ಎಲ್ಲಿ ಮುಗಿಯುತ್ತದೆ ಎಂದು ಅಳೆಯುತ್ತಿರುವಾಗ ಅದು ಕೆಟ್ಟ ಕಾಲು ಎಂಬ ಮಾತಿಗೆ ಎಡೆಯಿರುವುದಿಲ್ಲ. ನಮ್ಮ ಕಾವ್ಯಗಳ ವರ್ಣನೆಗಳಲ್ಲಿ ಕಣ್ಣು ತಾವರೆ, ತೊಡೆ ಬಾಳೆಯ ಕಂಬ. ಆ ಉಪಮಾನಗಳನ್ನು ಬೋಧಿಸಿಯೇ ಹೊಟ್ಟೆ ಹೊರೆದವನು ನಾನು. ಪೆನ್ಸಿಲು ಹಿಡಿದಾಗ ಮಾತ್ರ ಕಾಲು ಕಾಲೇ ಆಗಿರುತ್ತದೆ.

ಈ ವರ್ಷ ಅಷ್ಟಾವಂಕನ ಪದ್ಯಗಳು ಬಂದಾಗ ಕುರ್ಚಿಯನ್ನು ಮೇಜಿನ ಮುಂದಕ್ಕೆ ಎಳೆಸಿ ಕುಳಿತೆ. ಕ್ಯಾಲಿಪರ್ ಎಲ್ಲರಿಗೂ ಕಾಣುತ್ತಿತ್ತು. ಸಖಿಯ ಮಾತುಗಳನ್ನು ಅವಸರಿಸದೆ, ಒಂದೊಂದು ಅಂಗಕ್ಕೂ ನಿಂತು ಓದಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿ ಕೇಳಿದಳು: “ಸರ್, ಇಂಥಾ ಮೈಯಾಂವ ಆನಿ ಹ್ಯಾಂಗ ಹತ್ತತಿದ್ನರಿ?”

ಇಪ್ಪತ್ತೈದು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಜನ್ನ ಹೇಳಿಲ್ಲ, ಆದರೆ ನಾನು ಹೇಗೆ ಹತ್ತುತ್ತೇನೆಂದು ತೋರಿಸಬಲ್ಲೆ ಎಂದೆ. ಎದ್ದು, ಎಡಗೈಯಿಂದ ತೊಡೆಯನ್ನು ಒತ್ತಿ ಹಿಡಿದು, ಕರಿಹಲಗೆಯ ಮುಂದಿನ ಕಟ್ಟೆಯನ್ನು ಹತ್ತಿದೆ.