ಅವ್ವನ ಕೂಲಿ ಎಷ್ಟಂತ ಬರೀಲಿ?

ನಾನು ಬೆಂಗಳೂರಿಗೆ ಓದಲು ಹೋದಾಗ ಊರವರು ಅಪ್ಪನನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ. "ಮಗಳು ಏನ್ ಓದಾಕತ್ತಾಳ?"

ನನ್ನ ಕೋರ್ಸಿನ ಹೆಸರು ಫ್ಯಾಷನ್ ಆಕ್ಸೆಸರಿ ಡಿಸೈನ್. ಅದು ಅಪ್ಪನ ಬಾಯಿಗೆ ಕೊನೆಯವರೆಗೂ ಬರಲಿಲ್ಲ. ಮೊದಮೊದಲು "ಏನೋ ಡಿಸೈನ್" ಅನ್ನುತ್ತಿದ್ದ. ಆಮೇಲೆ ಬೇಸತ್ತು, "ಬ್ಯಾಗು, ಬೆಲ್ಟು, ಚಪ್ಪಲಿ ಮಾಡೋದು ಕಲಿಸ್ತಾರಂತ" ಎಂದು ಇದ್ದದ್ದನ್ನು ಇದ್ದಹಾಗೆ ಹೇಳತೊಡಗಿದ. ಕೇಳಿದವರು ನಕ್ಕರು. "ಅದನ್ನ ಕಲಿಯಾಕ ಬೆಂಗಳೂರಿಗೆ ಯಾಕ ಕಳಿಸಿದ್ಯೋ ಮಾರಾಯ? ನಿನ್ನ ಬಾಜೂಕ ಕುಂಡ್ರಿಸ್ಕೊಂಡಿದ್ರ ಸಾಕಿತ್ತಲ್ಲ!"

ಅವರು ನಕ್ಕಿದ್ದರಲ್ಲಿ ತಪ್ಪಿಲ್ಲ. ನಮ್ಮದು ಅಥಣಿ ತಾಲ್ಲೂಕಿನ ಹಳ್ಳಿ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಚಪ್ಪಲಿ ಮಾಡಿದವರೇ. ಜಗತ್ತು ಕೊಲ್ಹಾಪುರಿ ಅಂತ ಕರೆಯುವ ಚಪ್ಪಲಿ ಕೊಲ್ಹಾಪುರದಲ್ಲಷ್ಟೇ ಆಗುವುದಿಲ್ಲ, ನಮ್ಮ ಕಡೆಯ ಮನೆಗಳಲ್ಲೂ ಆಗುತ್ತದೆ. 2019ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕ ಸುದ್ದಿ ಬಂದಾಗ ಅದರಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳ ಹೆಸರೂ ಇತ್ತು. ಅದೇ ವರ್ಷ ನಾನು ಕಾಲೇಜು ಸೇರಿದ್ದು.

ಆಕ್ಸೆಸರಿ ಅಂದರೆ ಏನು ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಬಟ್ಟೆ ಬಿಟ್ಟು ಮೈಮೇಲೆ ಹಾಕಿಕೊಳ್ಳುವುದು, ಕೈಯಲ್ಲಿ ಹಿಡಿಯುವುದು ಬಹುತೇಕ ಎಲ್ಲಾ ಅದರಲ್ಲಿ ಬರುತ್ತದೆ. ಬ್ಯಾಗು, ಪರ್ಸು, ಬೆಲ್ಟು, ಚಪ್ಪಲಿ, ಆಭರಣ, ಟೋಪಿ, ಕನ್ನಡಕದ ಫ್ರೇಮು. ನಾಲ್ಕು ವರ್ಷದ ಡಿಗ್ರಿ. ಮೊದಲ ವರ್ಷ ಬರೀ ಚಿತ್ರ, ಬಣ್ಣ, ಆಕಾರ. ಆಮೇಲೆ ಚರ್ಮ, ಲೋಹ, ಬಟ್ಟೆ ಕೈಗೆ ಕೊಡುತ್ತಾರೆ. ಮಷೀನು, ಕಂಪ್ಯೂಟರು ಬರುತ್ತವೆ. ಕೊನೆಗೆ ಪ್ರೊಡಕ್ಷನ್, ಅಂದರೆ ಒಂದು ಬ್ಯಾಗನ್ನು ನೂರು ಬ್ಯಾಗು ಮಾಡುವುದು ಹೇಗೆ ಅನ್ನುವ ಲೆಕ್ಕ.

ಮೊದಲ ವಾರ ಎಲ್ಲರೂ ಎದ್ದು ನಿಂತು ಪರಿಚಯ ಹೇಳಬೇಕಿತ್ತು. ಒಬ್ಬಳ ಅಪ್ಪ ಆರ್ಕಿಟೆಕ್ಟ್. ಇನ್ನೊಬ್ಬನ ಮನೆಯವರದು ಚಿನ್ನದ ಅಂಗಡಿ. ನನ್ನ ಸರದಿ ಬಂದಾಗ ನಾನು ಇಂಗ್ಲಿಷಿನಲ್ಲಿ ಹೇಳಿದ್ದು, "ನಮ್ಮ ತಂದೆಗೆ ಫುಟ್‌ವೇರ್ ಬಿಸಿನೆಸ್ ಇದೆ." ಸುಳ್ಳಲ್ಲ. ಆದರೆ ಆ ಮಾತು ಕೇಳಿದವರ ತಲೆಯಲ್ಲಿ ಗಾಜಿನ ಬಾಗಿಲಿನ ಅಂಗಡಿ ಬರಲಿ ಅಂತಲೇ ನಾನು ಹಾಗೆ ಹೇಳಿದ್ದೆ. ನಮ್ಮೂರಲ್ಲಿ ಅಪ್ಪನ ಕೈಯ ಚಪ್ಪಲಿ ಹಾಕಿಕೊಂಡು ಜಾತ್ರೆಗೆ ಹೋಗುವವರು ನಮ್ಮ ಮನೆಯಲ್ಲಿ ನೀರು ಕುಡಿಯುವುದಿಲ್ಲ. ಇದನ್ನು ಹದಿನೆಂಟು ವರ್ಷ ನೋಡಿ ಬಂದವಳು ಮತ್ತೇನು ಹೇಳಿಯಾಳು, ನೀವೇ ಹೇಳಿ.

ಚರ್ಮದ ತರಗತಿ ಶುರುವಾದ ದಿನ ನಾಲ್ಕೈದು ಜನ ಕೈಗವಸು ಹಾಕಿಕೊಂಡು ಬಂದಿದ್ದರು. ಒಬ್ಬಳು ವಾಸನೆ ತಡೆಯದೆ ಹೊರಗೆ ಹೋದಳು. ಮೇಷ್ಟ್ರು ಒಂದು ಇಡೀ ಚರ್ಮ ಹಾಸಿ, ಬೆನ್ನಿನ ಭಾಗ ಯಾವುದು, ಹೊಟ್ಟೆಯ ಭಾಗ ಯಾವುದು, ಯಾವ ಕಡೆ ಎಳೆದರೆ ಹಿಗ್ಗುತ್ತದೆ ಅಂತ ಹೇಳುತ್ತಿದ್ದರು. ಬ್ಯಾಗಿನ ಮುಂಭಾಗಕ್ಕೆ ಬೆನ್ನಿನದೇ ಬೇಕು. ಹೊಟ್ಟೆಯದು ಸಡಿಲ, ಅದನ್ನು ಒಳಗಿನ ಕಾಣದ ಭಾಗಕ್ಕೆ ಹಾಕಬೇಕು. ಇದನ್ನು ಅಪ್ಪ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಅವನು ಅಂಗಾಲು ಕತ್ತರಿಸುವ ಮೊದಲು ಚರ್ಮವನ್ನು ಎರಡು ಕೈಯಲ್ಲಿ ಹಿಡಿದು ಹೀಗೊಮ್ಮೆ ಹಾಗೊಮ್ಮೆ ಎಳೆಯುತ್ತಿದ್ದ. ಸಣ್ಣವಳಿದ್ದಾಗ ಅದು ಅವನ ಚಟ ಅಂದುಕೊಂಡಿದ್ದೆ.

ಅವತ್ತೇ 'ಸ್ಕೈವಿಂಗ್' ಅನ್ನುವ ಪದ ಬಂತು. ಅಂಚು ಮಡಚಿದಾಗ ದಪ್ಪ ಆಗಬಾರದು, ಹಾಗಾಗಿ ಚರ್ಮದ ಅಂಚನ್ನು ಒಳಗಿನಿಂದ ತೆಳ್ಳಗೆ ಸವರುವುದು. ಹರಿತವಾದ ಕತ್ತಿ ಕೊಟ್ಟು ಪ್ರಯತ್ನಿಸಿ ಅಂದರು. ಎಲ್ಲರದೂ ತೂತು ಬಿತ್ತು. ನನ್ನದು ಬೀಳಲಿಲ್ಲ. ಏಳನೇ ತರಗತಿಯ ಬೇಸಿಗೆ ರಜೆಯಲ್ಲೇ ಅಪ್ಪ ರಂಪಿಗೆ ಕೈಗೆ ಕೊಟ್ಟಿದ್ದ, ಎಡ ಹೆಬ್ಬೆರಳಿನ ಮೇಲೆ ಅದರ ಗುರುತು ಇನ್ನೂ ಇದೆ. ಮೇಷ್ಟ್ರು ನನ್ನ ತುಂಡನ್ನು ಎತ್ತಿ ಎಲ್ಲರಿಗೂ ತೋರಿಸಿ, "ಎಲ್ಲಿ ಕಲಿತೆ?" ಅಂದರು. "ಯೂಟ್ಯೂಬ್ ಸರ್" ಅಂದೆ.

ಆ ಉತ್ತರ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಮಾರ್ಚ್ 2020ರಲ್ಲಿ ಲಾಕ್‌ಡೌನ್ ಆಗಿ ಎಲ್ಲರೂ ಊರಿಗೆ ಬಂದೆವು. ತರಗತಿ ಫೋನಿಗೆ ಬಂತು. ನೆಟ್‌ವರ್ಕ್ ಸಿಗುವುದು ನಮ್ಮ ಮನೆಯ ಕಟ್ಟೆಯ ಮೇಲೆ ಮಾತ್ರ, ಅಪ್ಪ ಕೆಲಸ ಮಾಡುವುದೂ ಅಲ್ಲೇ. ಕಾಲೇಜಿನ ಮಷೀನು, ಅಂಟು, ಅಚ್ಚು ಯಾವುದೂ ಇಲ್ಲ. ಮನೆಯಲ್ಲಿ ಸಿಕ್ಕ ವಸ್ತುವಿನಿಂದಲೇ ಮೊಳೆ ಇಲ್ಲದೆ ಎರಡು ಪದರ ಜೋಡಿಸಿ ತೋರಿಸಿ ಅನ್ನುವ ಅಸೈನ್‌ಮೆಂಟ್ ಬಂತು. ನಾನು ಫೋನನ್ನು ಕಲ್ಲಿಗೆ ಆನಿಸಿ ಇಟ್ಟೆ. ಹಿಂದೆ ಅಪ್ಪ ತನ್ನ ಪಾಡಿಗೆ ತಾನು ಆರೆಯಿಂದ ತೂತು ಮಾಡಿ, ಚರ್ಮದ ದಾರದಿಂದಲೇ ಅಂಗಾಲಿನ ಪದರಗಳನ್ನು ಹೊಲಿಯುತ್ತಿದ್ದ. ನಮ್ಮ ಚಪ್ಪಲಿಗೆ ಮೊಳೆ ಹೊಡೆಯುವ ಪದ್ಧತಿಯೇ ಇಲ್ಲ.

ಮೇಷ್ಟ್ರು ನನ್ನ ಮಾತು ನಿಲ್ಲಿಸಿ, "ಕ್ಯಾಮೆರಾ ಸ್ವಲ್ಪ ಬಲಕ್ಕೆ ತಿರುಗಿಸಮ್ಮ" ಅಂದರು. ಇಪ್ಪತ್ತೆಂಟು ಜನ ಅಪ್ಪನ ಕೈ ನೋಡುತ್ತಾ ಕೂತರು. ಅಪ್ಪನಿಗೆ ಗೊತ್ತಾದಾಗ ಬನಿಯನ್ ಮೇಲೆ ಅಂಗಿ ಹಾಕಿಕೊಂಡು ಬಂದ. ಅವರು ಕೇಳಿದರು, ಅವನು ಹೇಳಿದ, ನಾನು ಇಂಗ್ಲಿಷ್ ಮಾಡಿದೆ. ಅಂಗಾಲಿಗೆ ಎಮ್ಮೆಯ ಚರ್ಮ, ಮೇಲಿನ ಜಡೆಗೆ ಆಡಿನದು. ಹದ ಮಾಡುವುದು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ. ಅರ್ಧ ಗಂಟೆಯ ಕೊನೆಗೆ ಮೇಷ್ಟ್ರು ಕನ್ನಡದಲ್ಲೇ "ನಮಸ್ಕಾರ ಸರ್" ಅಂದರು. ಫೋನು ಇಟ್ಟ ಮೇಲೆ ಅಪ್ಪ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಸಂಜೆ ಅವ್ವನಿಗೆ, "ಅಂವ ನನಗ ಸರ್ ಅಂದ" ಎಂದು ಹೇಳುತ್ತಿದ್ದದ್ದು ನನಗೆ ಕೇಳಿಸಿತು.

ಫುಟ್‌ವೇರ್ ಬಿಸಿನೆಸ್ಸಿನ ಕಥೆ ಅಲ್ಲಿಗೆ ಮುಗಿಯಿತು.

ನಾನು ಹೇಳಬೇಕೆಂದಿದ್ದು ಮಾತ್ರ ಮೂರನೇ ವರ್ಷದ ಕಾಸ್ಟಿಂಗ್ ವಿಷಯ. ವಸ್ತುವಿನ ಬೆಲೆ ಕಟ್ಟುವುದನ್ನು ಕಲಿಸುವ ಪೇಪರು ಅದು. ಒಂದು ಹಾಳೆ ಕೊಡುತ್ತಾರೆ. ಚರ್ಮ ಎಷ್ಟು ಚದರ ಅಡಿ, ಅದರಲ್ಲಿ ವೇಸ್ಟ್ ಎಷ್ಟು, ದಾರ, ಅಂಟು, ಬಕಲ್ಲು, ಜಿಪ್ಪು. ಆಮೇಲೆ ಲೇಬರ್. ಆಮೇಲೆ ಬಾಡಿಗೆ, ಕರೆಂಟು. ಕೊನೆಗೆ ಲಾಭ. ಎಲ್ಲರೂ ತಾವು ಮಾಡಿದ ಬ್ಯಾಗಿನ ಲೆಕ್ಕ ಹಾಕಿದರು. ನಾನು ಮನೆಯ ಚಪ್ಪಲಿಯ ಲೆಕ್ಕ ಹಾಕಲು ಕೂತೆ.

ಅಪ್ಪನ ಗಂಟೆ ಸುಲಭವಾಗಿ ಸಿಕ್ಕಿತು, ಒಂದು ಜೋಡಿಗೆ ಸುಮಾರು 5. ಅವ್ವನಿಗೆ ಫೋನ್ ಮಾಡಿ, "ಜಡಿ ಹೆಣಿಯಾಕ ಎಷ್ಟ ಹೊತ್ತ ಬೇಕ?" ಅಂದೆ.

ಅವ್ವ ನಕ್ಕಳು. "ಅದನ್ನ ಯಾರ ಎಣಸ್ತಾರವಾ? ರೊಟ್ಟಿ ಆದ ಮ್ಯಾಲ ಕುಂದರ್ತೀನಿ, ಎಮ್ಮಿ ಬಂದಾಗ ಏಳ್ತೀನಿ."

ನಮ್ಮ ಕಡೆ ಅಂಗಾಲು ಗಂಡಸರದು, ಮೇಲಿನ ಜಡೆ, ಗೊಂಡೆ, ಅಲಂಕಾರ ಹೆಂಗಸರದು. ಅಂಗಡಿಯಲ್ಲಿ ಜನ ಚಪ್ಪಲಿ ಕೈಗೆತ್ತಿಕೊಳ್ಳುವುದು ಆ ಜಡೆ ನೋಡಿಯೇ. ಆದರೆ ವ್ಯಾಪಾರಿ ದುಡ್ಡು ಎಣಿಸಿ ಕೊಡುವುದು ಅಪ್ಪನ ಕೈಗೆ, ಲೆಕ್ಕ ಬರೆಯುವುದು ಅಪ್ಪನ ಹೆಸರಿಗೆ. ಹರಳಯ್ಯನ ಕಥೆ ನಿಮಗೆಲ್ಲ ಗೊತ್ತಿದೆ. ಬಸವಣ್ಣನಿಗಾಗಿ ತನ್ನ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದ ಶರಣ. ಅಪ್ಪ ಆ ಕಥೆ ಹೇಳುವಾಗ ಪ್ರತಿಸಲ ಕಣ್ಣೀರು ಹಾಕುತ್ತಾನೆ. ಒಂದು ಕಾಲಿನದಕ್ಕೆ ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮವೂ ಹೋಗಿತ್ತು ಅನ್ನುವುದನ್ನು ಮಾತ್ರ ಅವ್ವನೇ ನೆನಪಿಸಬೇಕು.

ಮರುದಿನ ತಂಗಿಗೆ ಗಡಿಯಾರ ಹಿಡಿದು ಕೂರಲು ಹೇಳಿದೆ. ಬಿಟ್ಟು ಬಿಟ್ಟು ಮಾಡಿದ್ದನ್ನೆಲ್ಲ ಕೂಡಿಸಿದರೆ ಅವ್ವನದು 4 ಗಂಟೆ. ಒಟ್ಟು 9. ವ್ಯಾಪಾರಿ ಆಗ ಕೊಡುತ್ತಿದ್ದದ್ದು ಜೋಡಿಗೆ 350 ರೂಪಾಯಿ. ಚರ್ಮ, ಎಣ್ಣೆ, ಬಣ್ಣ ಕಳೆದರೆ ಕೈಯಲ್ಲಿ ಉಳಿದದ್ದು 160. ಗಂಟೆಗೆ 18 ರೂಪಾಯಿಯೂ ಬೀಳಲಿಲ್ಲ. ಆ ವರ್ಷ ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊತ್ತರೆ ಒಬ್ಬರಿಗೆ ದಿನಕ್ಕೆ 289 ರೂಪಾಯಿ ಇತ್ತು. ನಾನು ಎರಡು ಸಲ ಕ್ಯಾಲ್ಕುಲೇಟರ್ ಒತ್ತಿದೆ.

ಹಾಳೆ ಕೊಟ್ಟೆ. ವಾಪಸ್ ಬಂದಾಗ ಲೇಬರ್ ಸಾಲಿನ ಸುತ್ತ ಕೆಂಪು ಗೆರೆ. "ಈ ಅಂಕಿ ತಪ್ಪಾಗಿದೆ, ಮತ್ತೆ ನೋಡು" ಅಂತ ಬರೆದಿದ್ದರು.

ನಾನು ಜಗಳ ಆಡಲಿಲ್ಲ. ಮಾರ್ಕ್ಸ್ ಬೇಕಿತ್ತು. ಅವರೇ ಕೊಟ್ಟ ಪಟ್ಟಿಯಂತೆ ಗಂಟೆಗೆ 75 ರೂಪಾಯಿ ಹಿಡಿದು ಮತ್ತೆ ಬರೆದೆ. ಲೇಬರ್ 675, ಸಾಮಾನು 190, ಒಟ್ಟು 865. ಇನ್ನೂ ಬಾಡಿಗೆ, ಲಾಭ ಸೇರಿಸಿಲ್ಲ. ಈ ಸಲ ಲೆಕ್ಕ ಸರಿ ಅಂದರು. ಕೆಳಗೆ ಇನ್ನೊಂದು ಸಾಲು ಇತ್ತು: "ಈ ಬೆಲೆಗೆ ಮಾರಾಟ ಕಷ್ಟ." ಎರಡೂ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಹೆಗಲಿಗೆ ಹಾಕುವ ಬ್ಯಾಗು ಮಾಡಿದೆ. ಪಟ್ಟಿಗೆ ಅವ್ವನ ಏಳೆಳೆ ಜಡೆ. ಕಾಗದದಲ್ಲಿ ಅಳತೆ ತೆಗೆದು, ಕ್ಯಾನ್ವಾಸಿನಲ್ಲಿ ಒಮ್ಮೆ ಹೊಲಿದು ನೋಡಿ, ಆಮೇಲೆ ಚರ್ಮಕ್ಕೆ ಕೈ ಹಾಕಿದ್ದು. ಕಾಲಿಗೆ ಹಾಕುವ ಜಡೆ ಹೆಗಲಿನ ಭಾರ ತಡೆಯಲಿಲ್ಲ, ಮೂರು ಸಲ ಹರಿಯಿತು. ಒಳಗೆ ತೆಳ್ಳನೆಯ ನೈಲಾನ್ ಪಟ್ಟಿ ಕೊಟ್ಟು ಅದರ ಮೇಲೆ ಹೆಣೆಯೋಣ ಅಂದಿದ್ದು ಅವ್ವ. ಹಾಗಾಗಿ ರಿಪೋರ್ಟಿನಲ್ಲಿ ಅವಳ ಹೆಸರನ್ನು 'ಸಹಾಯ' ಅನ್ನುವ ಕಡೆ ಹಾಕದೆ 'ಡಿಸೈನ್' ಅನ್ನುವ ಕಡೆ ನನ್ನ ಹೆಸರಿನ ಪಕ್ಕ ಹಾಕಿದೆ. ಬಂದಿದ್ದ ಪರೀಕ್ಷಕರಲ್ಲಿ ಒಬ್ಬರು ಇದು ಸರಿಯಲ್ಲ ಅಂದರು, ಇನ್ನೊಬ್ಬರು ಇರಲಿ ಅಂದರು. ಮಾರ್ಕ್ಸ್ ಚೆನ್ನಾಗಿಯೇ ಬಂತು.

2023ರಲ್ಲಿ ಓದು ಮುಗಿಸಿ ಒಂದು ವರ್ಷ ಬೆಂಗಳೂರಿನ ಬ್ಯಾಗು ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ಊರಿಗೆ ಬಂದೆ. ಬಂದವಳೇ ಆ ಹಾಳೆಯನ್ನು ಅಪ್ಪನ ಮುಂದೆ ಇಟ್ಟಿದ್ದು ನನ್ನ ತಪ್ಪಿರಬಹುದು. "350ಕ್ಕ ಕೊಡಬ್ಯಾಡ" ಅಂದೆ. ಅಪ್ಪ ವ್ಯಾಪಾರಿಗೆ ಹೇಳಿದ. ವ್ಯಾಪಾರಿ ಬರುವುದು ಬಿಟ್ಟ. ಎರಡು ತಿಂಗಳು ಚಪ್ಪಲಿ ಮನೆಯಲ್ಲೇ ಉಳಿದವು. ಅಪ್ಪ ನನ್ನ ಜೊತೆ ಮಾತಾಡಲಿಲ್ಲ. "ಓದಿ ಬಂದು ಹೊಟ್ಟಿ ಮ್ಯಾಲ ಹೊಡದಳು" ಅಂತ ಚಿಕ್ಕಪ್ಪನ ಮುಂದೆ ಹೇಳಿದ್ದನಂತೆ. ಈಗ ಬೇರೊಬ್ಬರು 480 ಕೊಡುತ್ತಾರೆ. ಅದೂ ಸಾಲದು, ಆದರೆ ಮಾತು ಶುರುವಾಗಿದೆ. ಬ್ಯಾಗು ತಿಂಗಳಿಗೆ ಇಪ್ಪತ್ತು ಹೋಗುತ್ತವೆ, ಅದಕ್ಕೆ ಅವ್ವ ಮತ್ತು ಓಣಿಯ ಇನ್ನಿಬ್ಬರು ಹೆಂಗಸರು. ಅದರ ದುಡ್ಡು ಅವರವರ ಖಾತೆಗೇ ಹಾಕುತ್ತೇನೆ.

ನಿಮ್ಮ ಮನೆಯ ಮಕ್ಕಳು ಇದನ್ನು ಓದಬೇಕೆಂದಿದ್ದರೆ ಒಂದೆರಡು ಮಾತು. ಪಿಯುಸಿಯಲ್ಲಿ ಯಾವ ವಿಭಾಗ ಇದ್ದರೂ ನಡೆಯುತ್ತದೆ, ಸೈನ್ಸೇ ಬೇಕಂತಿಲ್ಲ. ಕೇಂದ್ರ ಸರ್ಕಾರದ ನಿಫ್ಟ್‌ಗೆ ಬೆಂಗಳೂರಿನಲ್ಲಿ ಕ್ಯಾಂಪಸ್ ಇದೆ. ಚಪ್ಪಲಿ, ಚರ್ಮದ ಕೆಲಸಕ್ಕೇ ಇರುವ ಎಫ್‌ಡಿಡಿಐ ಬೇಕಾದರೆ ನಮಗೆ ಹತ್ತಿರದ್ದು ಹೈದರಾಬಾದ್. ಎರಡಕ್ಕೂ ಪ್ರವೇಶ ಪರೀಕ್ಷೆ ಬರೆಯಬೇಕು. ನಿಫ್ಟ್ ಪರೀಕ್ಷೆಯಲ್ಲಿ ಚಿತ್ರದ ಪೇಪರು ಇರುತ್ತದೆ, ಮುಂದಿನ ಹಂತದಲ್ಲಿ ಕೈಗೆ ವಸ್ತು ಕೊಟ್ಟು ಏನಾದರೂ ಮಾಡಿ ಅನ್ನುತ್ತಾರೆ. ನಮ್ಮ ಮನೆಗಳ ಮಕ್ಕಳಿಗೆ ಆ ಹಂತ ಕಷ್ಟವಲ್ಲ, ಇಂಗ್ಲಿಷೇ ಕಷ್ಟ. ನನಗೆ ನಿಫ್ಟ್ ಸಿಗಲಿಲ್ಲ, ಸಿಕ್ಕ ಕಾಲೇಜಿಗೆ ಹೋದೆ. ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಇರದಿದ್ದರೆ ಅದೂ ಆಗುತ್ತಿರಲಿಲ್ಲ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಫೀಸಿನ ಮೇಲೆ ಸಾಮಾನಿನ ಖರ್ಚು ಬೇರೆ ಇರುತ್ತದೆ, ಚರ್ಮ, ಬಣ್ಣ, ಪ್ರಿಂಟು ಅಂತ. ಅದನ್ನು ಮೊದಲೇ ಕೇಳಿಕೊಳ್ಳಿ.

ಕಳೆದ ವರ್ಷ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಶೋದಲ್ಲಿ ನಮ್ಮ ಚಪ್ಪಲಿಯಂಥದ್ದೇ ಚಪ್ಪಲಿ ತೋರಿಸಿ ಗಲಾಟೆ ಆಗಿದ್ದು ನೀವೂ ಫೋನಿನಲ್ಲಿ ನೋಡಿರುತ್ತೀರಿ. ಮೊದಲು ನಮ್ಮ ಹೆಸರೇ ಇರಲಿಲ್ಲ. ಆಮೇಲೆ ಇದು ಭಾರತದ ಚಪ್ಪಲಿಯಿಂದ ಸ್ಫೂರ್ತಿ ಪಡೆದದ್ದು ಅಂತ ಒಪ್ಪಿಕೊಂಡರು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್ಕಾಮ್ ಮತ್ತು ನಮ್ಮ ಲಿಡ್ಕರ್ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಎರಡೂ ರಾಜ್ಯಗಳಲ್ಲಿ 2,000 ಜೋಡಿ ಮಾಡಿಸುತ್ತೇವೆ, ಜೋಡಿಗೆ ಸುಮಾರು 800 ಯುರೋ ಬೆಲೆ ಅಂದರು.

ಅಪ್ಪನಿಗೆ ಓದಿ ಹೇಳಿದೆ. "ನಮ್ಮ ರೊಕ್ಕದಾಗ ಎಷ್ಟಾತು?" ಅಂದ. 80 ಸಾವಿರ ದಾಟುತ್ತದೆ ಅಂದೆ. ಊರಿನವರೆಲ್ಲ ಬಾಯಿ ಬಿಟ್ಟಂತೆ ಅವನೂ ಬಿಡುತ್ತಾನೆ ಅಂದುಕೊಂಡಿದ್ದೆ. ಅವನು ರಂಪಿಗೆಯನ್ನು ಕಲ್ಲಿನ ಮೇಲೆ ಮಸೆಯುತ್ತಾ, "ಅದರಾಗ ಲೇಬರ್ ಎಷ್ಟ ಹಿಡದಾರ, ನೋಡಿ ಹೇಳ" ಅಂದ. ನಾನು ಹುಡುಕಿದೆ. ಆ ಸುದ್ದಿಯಲ್ಲಿ ಅದು ಇರಲಿಲ್ಲ.

ಅವ್ವ ಈಗ ಜಡೆ ಹೆಣೆಯಲು ಕೂತಾಗ ತಂಗಿಯ ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿಕೊಳ್ಳುತ್ತಾಳೆ. ಓದಲು ಬರುವುದಿಲ್ಲ, ಹಸಿರು ಗುಂಡಿ ಒತ್ತಿದರೆ ಶುರು, ಕೆಂಪು ಒತ್ತಿದರೆ ನಿಲ್ಲುತ್ತದೆ ಅಂತ ಗೊತ್ತಿದೆ. ಮೊನ್ನೆ ಮನೆಗೆ ಯಾರೋ ಬಂದರು. ಅವ್ವ ಕೆಂಪು ಗುಂಡಿ ಒತ್ತಿ ಎದ್ದಳು. ಒಳಗೆ ಹೋಗುತ್ತಾ ನನಗೆ ಹೇಳಿದಳು, "ನಿಲ್ಲಸೀನಿ ನೋಡವಾ. ಚಾ ಮಾಡೋದನ್ನ ಇದರಾಗ ಹಿಡೀಬ್ಯಾಡ."